ಲೆನ್ಸ್ ಹೋಗಿರಲಿಲ್ಲ: ಅಪ್ಪನ 200 ಸಿಡಿಯ ಜೂಕ್‌ಬಾಕ್ಸ್ ರಿಪೇರಿ

ಧಾರವಾಡದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಪೆಟ್ಟಿಗೆ ಹನ್ನೆರಡು ವರ್ಷ ಸುಮ್ನೆ ಕೂತಿತ್ತು. 1999ರಲ್ಲಿ ಚಿಕ್ಕಪ್ಪ ನ್ಯೂಜೆರ್ಸಿಯಿಂದ ಬರುವಾಗ ಅಪ್ಪನಿಗೆ ಅಂತ ತಂದದ್ದು. ಒಟ್ಟಿಗೆ 200 ಸಿಡಿ ಹಿಡಿಯುವ ಚೇಂಜರ್. ಹೋಟೆಲಿನಲ್ಲಿ ಕಾಸು ಹಾಕಿ ಹಾಡು ಆರಿಸುವ ದೊಡ್ಡ ಯಂತ್ರವಲ್ಲ, ಶೋಕೇಸಿನಲ್ಲಿ ಕೂರುವಂಥದ್ದು. ಆದರೂ ನಮ್ಮ ಮನೆಯಲ್ಲಿ ಅದರ ಹೆಸರು ಮೊದಲಿನಿಂದಲೂ ಜೂಕ್‌ಬಾಕ್ಸ್.

ಅದರ ಜೊತೆಗೆ ಅಪ್ಪನ ಒಂದು ಉದ್ದ ನೋಟ್‌ಬುಕ್ ಇದೆ. 1ರಿಂದ 200ರವರೆಗೆ ನಂಬರು, ಎದುರಿಗೆ ಡಿಸ್ಕಿನ ಹೆಸರು. ಮೊದಲ 60 ಪೂರ್ತಿ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಧಾರವಾಡದ ಮನೆ, ಬೇರೆ ಏನಿರುತ್ತದೆ ಹೇಳಿ. ಆಮೇಲೆ ವಚನ, ದಾಸರ ಪದ, ಭಾವಗೀತೆ. 112ರ ಎದುರು ಮಾತ್ರ ಪೆನ್ಸಿಲಿನಲ್ಲಿ ‘ಎಲ್ಲಿ?’ ಎಂದು ಬರೆದಿದೆ. ಅದರ ಕಥೆ ಆಮೇಲೆ ಹೇಳುತ್ತೇನೆ.

2011ರಲ್ಲಿ ಪೆಟ್ಟಿಗೆ ನಿಂತುಹೋಯಿತು. ಅಂಗಡಿಗೆ ಒಯ್ದರೆ ಐದೇ ನಿಮಿಷದಲ್ಲಿ ಉತ್ತರ ಬಂತು: ‘ಲೆನ್ಸ್ ಹೋಗಿದೆ, ಇದರದ್ದು ಸಿಗಲ್ಲ.’ ಅಲ್ಲಿಂದ ಸೀದಾ ಅಟ್ಟಕ್ಕೆ. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಪ್ಪ ಆ ನೋಟ್‌ಬುಕ್ ತೆರೆದು ಕೂತಿದ್ದರು. ಕೇಳುವುದಕ್ಕೆ ಏನೂ ಇಲ್ಲದೆ ಬರೀ ಹೆಸರು ಓದುತ್ತಿದ್ದರು. ನನಗೆ ತಡೆಯಲು ಆಗಲಿಲ್ಲ. ಪೆಟ್ಟಿಗೆಯನ್ನು ಬೆಂಗಳೂರಿಗೆ ಹೊತ್ತು ತಂದೆ.

ಮೊದಲು ಕರೆಂಟಿನ ವಿಷಯ. ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದೆ. ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರ ಪ್ಲಗ್ಗಿಗೆ ಹಾಕಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕತೆ ಮುಗಿಯುತ್ತದೆ. ಚಿಕ್ಕಪ್ಪ ಆಗಲೇ ಜೊತೆಗೆ ಕೊಡಿಸಿದ್ದ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಡಬ್ಬಿ ಇನ್ನೂ ಚೆನ್ನಾಗಿತ್ತು. ಮೀಟರ್ ಹಿಡಿದರೆ 114 ವೋಲ್ಟ್ ತೋರಿಸಿತು. 50 ಹರ್ಟ್ಸ್ ಇದ್ದರೆ ಹಾಡು ನಿಧಾನ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಮೇನ್ಸ್ ಮೋಟಾರಿನ ಹಳೆಯ ರೆಕಾರ್ಡ್ ಪ್ಲೇಯರಿನಲ್ಲಿ ಆಗುತ್ತದೆ. ಸಿಡಿ ಪ್ಲೇಯರಿನಲ್ಲಿ ಇಲ್ಲ. ಇಲ್ಲಿನ ಮೋಟಾರುಗಳೆಲ್ಲ ಡಿಸಿ. ಡಿಸ್ಕ್ ಎಷ್ಟು ವೇಗ ತಿರುಗಬೇಕು ಎಂಬುದು ಒಳಗೆ ಗಡಿಯಾರದಂತೆ ತಾಳ ಹಾಕುವ ಕ್ರಿಸ್ಟಲಿನ ಲೆಕ್ಕ.

ಆನ್ ಮಾಡಿದೆ. ಡಿಸ್‌ಪ್ಲೇ ಹತ್ತಿತು. ಒಳಗೆ ಚಕ್ರ ತಿರುಗಲು ಶುರುವಾಯಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಒಂದೂವರೆ ನಿಮಿಷ ಆದ ಮೇಲೆ ತಾನೇ ನಿಂತು ಡಿಸ್‌ಪ್ಲೇಯಲ್ಲಿ ಎರರ್ ತೋರಿಸಿತು.

ಇಲ್ಲೇ ನನಗೆ ಧೈರ್ಯ ಬಂತು. ಯೋಚನೆ ಮಾಡಿ, ಡಿಸ್ಕನ್ನು ಓದುವುದು ಲೆನ್ಸ್, ಇನ್ನೂ ಒಂದು ಡಿಸ್ಕೂ ಅದರ ಮುಂದೆ ಬಂದೇ ಇಲ್ಲ. ಡಿಸ್ಕೇ ಬಾರದೆ ಲೆನ್ಸ್ ಹೋಗಿದೆ ಎಂದು ಹೇಗೆ ಹೇಳುವುದು? ಲೆನ್ಸ್ ಹೋಗಿರಲೂಬಹುದು. ಆದರೆ ಅದು ಆಮೇಲಿನ ಮಾತು. ಚಕ್ರ ಯಾಕೆ ನಿಲ್ಲುತ್ತಿಲ್ಲ ಅನ್ನುವುದು ಮೊದಲ ಪ್ರಶ್ನೆ.

ಮೇಲ್ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ಜಪಾನಿನಲ್ಲಿ ಮಾಡಿದ ಹಳೆಯ ಯಂತ್ರಗಳ ಸ್ಕ್ರೂ ನೋಡಲು ನಮ್ಮ ನಾಲ್ಕು ಮೂಲೆಯ ಸ್ಕ್ರೂ ಹಾಗೇ ಇರುತ್ತದೆ, ಆದರೆ ಅಳತೆ ಸ್ವಲ್ಪ ಬೇರೆ. ಅದನ್ನು ಜೆಐಎಸ್ ಅನ್ನುತ್ತಾರೆ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ಜಾರಿ ತಲೆ ಸವೆದುಹೋಗುತ್ತದೆ. ಜೆಐಎಸ್ ತುದಿಯದ್ದು ಒಂದು ಕೊಂಡುಕೊಳ್ಳಿ, ಹತ್ತು ವರ್ಷ ಬಾಳುತ್ತದೆ.

ಮುಚ್ಚಳ ತೆಗೆದಾಗ ಒಳಗಿನ ಚಂದ ನೋಡಬೇಕು. ಎತ್ತಿನಗಾಡಿಯ ಚಕ್ರವನ್ನು ಅಡ್ಡ ಮಲಗಿಸಿದ ಹಾಗೆ ಒಂದು ದೊಡ್ಡ ಪ್ಲಾಸ್ಟಿಕ್ ಬಳೆ. ಅದರ ಸುತ್ತ 200 ಸೀಳು. ಪ್ರತಿ ಸೀಳಿನಲ್ಲೂ ಒಂದು ಡಿಸ್ಕ್ ನೆಟ್ಟಗೆ ನಿಲ್ಲುತ್ತದೆ, ಚಕ್ರದ ಅರೆಕಾಲಿನಂತೆ. ಬಳೆ ತಿರುಗಿ ಬೇಕಾದ ಸೀಳು ಎದುರಿಗೆ ಬಂದಾಗ ಒಂದು ತೋಳು ಡಿಸ್ಕನ್ನು ಒಳಕ್ಕೆ ತಳ್ಳುತ್ತದೆ. ಒಳಗೆ ಅಯಸ್ಕಾಂತದ ಬಿಲ್ಲೆ ಅದನ್ನು ಕಚ್ಚಿ ಹಿಡಿಯುತ್ತದೆ. ಡಿಸ್ಕ್ ನಿಂತ ಹಾಗೆಯೇ ತಿರುಗಿ ಹಾಡುತ್ತದೆ. ಯಾರು ಕೂತು ಇದನ್ನು ಯೋಚಿಸಿದರೋ, ಅವರಿಗೆ ನಮಸ್ಕಾರ.

ಎಷ್ಟನೇ ಸೀಳು ಬಂತು ಎಂದು ಪೆಟ್ಟಿಗೆಗೆ ತಿಳಿಯುವುದು ಎರಡು ಸಣ್ಣ ಕಣ್ಣುಗಳಿಂದ. ಆಪ್ಟಿಕಲ್ ಸೆನ್ಸರ್. ಒಂದು ಕಡೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಬೆಳಕು ಹಿಡಿಯುವ ಟ್ರಾನ್ಸಿಸ್ಟರ್, ನಡುವೆ ಕೆಲವೇ ಮಿಲಿಮೀಟರ್ ಸಂದು. ಆ ಸಂದಿನಲ್ಲಿ ಬಳೆಯ ಅಂಚಿನ ಹಲ್ಲುಗಳು ಹಾದುಹೋಗುತ್ತವೆ. ಒಂದು ಕಣ್ಣು ಹಲ್ಲುಗಳನ್ನು ಎಣಿಸುತ್ತದೆ. ಇನ್ನೊಂದು ಕಣ್ಣು ಇಡೀ ಸುತ್ತಿಗೆ ಒಂದೇ ಸಲ ಬರುವ ಗುರುತನ್ನು ನೋಡುತ್ತದೆ. ಅದು ಶುರುವಿನ ಜಾಗ, ನಾನು ಅದಕ್ಕೆ ಮನೆಗುರುತು ಅಂತ ಹೆಸರಿಟ್ಟೆ. ಮನೆಗುರುತು ಕಾಣುವ ತನಕ ಎಣಿಕೆ ಶುರುವಾಗುವುದಿಲ್ಲ. ಕಾಣದೇ ಇದ್ದರೆ? ಹುಡುಕುತ್ತಾ ತಿರುಗುತ್ತಲೇ ಇರುತ್ತದೆ. ನಮ್ಮ ಪೆಟ್ಟಿಗೆ ಮಾಡುತ್ತಿದ್ದದ್ದೂ ಅದನ್ನೇ.

ಎಲ್‌ಇಡಿ ಉರಿಯುತ್ತಿದೆಯಾ ಎಂದು ಕಣ್ಣಿಗೆ ಕಾಣುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ, ಹೆಚ್ಚಿನ ಫೋನುಗಳಲ್ಲಿ ನಸು ನೇರಳೆ ಬಣ್ಣದ ಚುಕ್ಕೆ ಕಾಣುತ್ತದೆ. ಟಿವಿ ರಿಮೋಟ್ ಪರೀಕ್ಷೆ ಮಾಡುವುದೂ ಹೀಗೇ. ಎಣಿಸುವ ಕಣ್ಣಿನಲ್ಲಿ ಚುಕ್ಕೆ ಕಂಡಿತು. ಮನೆಗುರುತಿನ ಕಣ್ಣಿನಲ್ಲಿ ಇಲ್ಲ. ಮೀಟರ್ ಹಿಡಿದೆ. ಎಲ್‌ಇಡಿಗೆ ಕರೆಂಟ್ ಬರುತ್ತಿದೆ, ಎರಡು ತುದಿಯ ನಡುವೆ 1.2 ವೋಲ್ಟ್. ಅಂದರೆ ಉರಿಯುತ್ತಿದೆ. ಎದುರಿನ ಟ್ರಾನ್ಸಿಸ್ಟರಿನ ಔಟ್‌ಪುಟ್ ಮಾತ್ರ 4.9 ವೋಲ್ಟಿನಿಂದ ಕದಲುತ್ತಿಲ್ಲ. ಬೆಳಕು ಬಿದ್ದರೆ ಅದು ಸೊನ್ನೆಯ ಹತ್ತಿರ ಇಳಿಯಬೇಕು. ದೀಪ ಉರಿಯುತ್ತಿದೆ, ಬೆಳಕು ಮಾತ್ರ ದಾಟುತ್ತಿಲ್ಲ.

ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸಂದಿನ ತುಂಬಾ ಮಣ್ಣು! ಕೆಂಪು ಮಣ್ಣು, ಗಟ್ಟಿ ಹರಳಿನಂತೆ. ಹಿಂಬದಿಯ ಗಾಳಿ ಕಿಂಡಿಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ಸ್ವಿಚ್‌ಬೋರ್ಡಿನ ತೂತು, ಬಾಗಿಲ ಸಂದು, ಎಲ್ಲಿ ಸಿಕ್ಕಿದರೂ ಕಟ್ಟುತ್ತದಲ್ಲ, ಅದೇ ಹುಳ. ಗೂಡು ಒಣಗಿ ಉದುರಿ, ಪುಡಿ ನೇರ ಆ ಕಣ್ಣಿನೊಳಗೆ ಬಿದ್ದಿದೆ. ಪೆಟ್ಟಿಗೆ ನಿಂತ ವರ್ಷ ಗೂಡು ಇತ್ತೋ ಇಲ್ಲವೋ ನಾನು ಹೇಳಲಾರೆ. ಈಗ ಚಕ್ರವನ್ನು ತಿರುಗಿಸಿ ತಿರುಗಿಸಿ ಸುಸ್ತು ಮಾಡುತ್ತಿದ್ದದ್ದು ಆ ಮಣ್ಣೇ.

ಒಣ ಬ್ರಷ್ಷಿನಲ್ಲಿ ಕೆದಕಿ ಊದಿದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದೆ. ನೀರು ಹಾಕಬೇಡಿ, ಮಣ್ಣು ಕೆಸರಾಗಿ ಇನ್ನೂ ಒಳಗೆ ಹೋಗುತ್ತದೆ. ಮತ್ತೆ ಮೀಟರ್. ಸಂದು ಖಾಲಿ ಇದ್ದಾಗ 0.2 ವೋಲ್ಟ್, ಕಾಗದದ ಚೂರು ಅಡ್ಡ ಹಿಡಿದಾಗ 4.9. ಆನ್ ಮಾಡಿದರೆ ಚಕ್ರ ಒಂದು ಸುತ್ತು ಬಂದು ಠಕ್ ಅಂತ ನಿಂತಿತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. 37 ಒತ್ತಿದರೆ 38ರ ಮುಂದೆ ನಿಂತಿತು. 90 ಒತ್ತಿದರೆ 92. 150 ಒತ್ತಿದರೆ 149!

ಈ ಮೂರು ಅಂಕಿಗಳ ಮುಂದೆ ನಾನು ಒಂದು ಸಂಜೆ ಪೂರ್ತಿ ಕೂತೆ. ಇಡೀ ರಿಪೇರಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಮನೆಗುರುತೇ ಆಚೀಚೆ ಸರಿದಿದ್ದರೆ ತಪ್ಪು ಎಲ್ಲ ಕಡೆ ಒಂದೇ ಸಮ ಇರಬೇಕು. 37 ಕೇಳಿದರೆ 38, 90 ಕೇಳಿದರೆ 91, ಹೀಗೆ. ಇಲ್ಲಿ ಮನೆಗುರುತಿನಿಂದ ದೂರ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದೆ. ಅಂದರೆ ದಾರಿಯಲ್ಲಿ ಕೆಲವು ಹಲ್ಲುಗಳು ಎಣಿಕೆಗೆ ಸಿಗುತ್ತಿಲ್ಲ. ಒಂದು ಹಲ್ಲು ಬಿಟ್ಟುಹೋದರೆ ಪೆಟ್ಟಿಗೆ ಒಂದು ಸೀಳು ಮುಂದೆ ಹೋಗಿ ನಿಲ್ಲುತ್ತದೆ. ಹಾಗಾದರೆ 150 ಯಾಕೆ ಹಿಂದೆ ನಿಂತಿತು? ಚಕ್ರವನ್ನೇ ನೋಡುತ್ತಾ ಕೂತಾಗ ತಿಳಿಯಿತು. 150ಕ್ಕೆ ಅದು ಮುಂದಕ್ಕೆ ತಿರುಗುವುದಿಲ್ಲ, ಹತ್ತಿರದ ದಾರಿ ಹಿಡಿದು ಹಿಂದಕ್ಕೆ 50 ಸೀಳು ಬರುತ್ತದೆ. ಹಿಂದಕ್ಕೆ ಬರುವಾಗ ಒಂದು ಹಲ್ಲು ತಪ್ಪಿದರೆ ನಿಲ್ಲುವುದು 149ರಲ್ಲಿ. ಲೆಕ್ಕ ಕೂಡಿತು.

ಎಣಿಸುವ ಕಣ್ಣಿನ ಔಟ್‌ಪುಟ್ ನೋಡಿದರೆ ಬೆಳಕು ಬಿದ್ದಾಗಲೂ 1.9 ವೋಲ್ಟಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಹಾಗೆ ತೆಳು ಧೂಳಿನ ಪದರ. ಕ್ಯಾಮೆರಾದಲ್ಲಿ ಚುಕ್ಕೆ ಕಂಡಿತ್ತು ಎಂದು ಅದನ್ನು ಮೊದಲು ಒರೆಸದೇ ಬಿಟ್ಟಿದ್ದೆ. ಒರೆಸಿದ ಮೇಲೆ 0.3. ಪ್ರತಿ ಸಲ ಆಫ್ ಮಾಡಿ ಆನ್ ಮಾಡಿ, ಇಪ್ಪತ್ತು ಬೇರೆ ಬೇರೆ ನಂಬರ್ ಒತ್ತಿ ನೋಡಿದೆ. ಇಪ್ಪತ್ತೂ ಸರಿ ಬಂದವು.

ಮುಂದಿನ ತೊಂದರೆ ಕಿವಿಗೇ ಕೇಳಿಸುತ್ತಿತ್ತು. ತೋಳಿನ ಮೋಟಾರ್ ಜುಯ್ಯ್ ಅಂತ ಓಡುತ್ತದೆ, ತೋಳು ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಬೆರಳಿನಿಂದ ಸ್ವಲ್ಪ ಒತ್ತು ಕೊಟ್ಟರೆ ಮುಂದೆ ಹೋಗುತ್ತದೆ. ಇದು ಬೆಲ್ಟ್. ಇಪ್ಪತ್ತು ವರ್ಷ ದಾಟಿದ ರಬ್ಬರು ಸಡಿಲವಾಗಿ ಹೊಳೆಯುತ್ತಿತ್ತು. ಅವತ್ತಿನ ಮಟ್ಟಿಗೆ ಅದನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದೆ. ಕೊಂಚ ಬಿಗಿಯಾಗುತ್ತದೆ. ಕೆಲವು ದಿನಗಳ ಆಟ ಅಷ್ಟೇ, ಆದರೆ ರೋಗ ಬೆಲ್ಟಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಸಾಕು.

ಹೊಸ ಬೆಲ್ಟಿಗೆ ಅಳತೆ ಬೇಕು. ಹಳೆಯದನ್ನು ಅಳೆದರೆ ಪ್ರಯೋಜನವಿಲ್ಲ, ಅದು ಹಿಗ್ಗಿರುತ್ತದೆ. ನಾನು ಎರಡು ಪುಲ್ಲಿಗಳ ಸುತ್ತ ಹೊಲಿಗೆ ದಾರ ಸುತ್ತಿ ಅಳೆದೆ. 134 ಮಿಲಿಮೀಟರ್ ಬಂತು. ಬೆಲ್ಟ್ ಸ್ವಲ್ಪ ಎಳೆದು ಕೂರಬೇಕು, ಹಾಗಾಗಿ ಶೇಕಡ 6-7 ಕಡಿಮೆ ಹಿಡಿದೆ. 125. ಅಂಗಡಿಗಳಲ್ಲಿ ಬೆಲ್ಟಿಗೆ ಅಡ್ಡಳತೆ ಕೇಳುತ್ತಾರೆ. 125ನ್ನು 3.14ರಿಂದ ಭಾಗಿಸಿದರೆ ಸುಮಾರು 40. ಶನಿವಾರ ಬೆಳಗ್ಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಮೂರು ಅಂಗಡಿಯಲ್ಲಿ ತಲೆ ಅಲ್ಲಾಡಿಸಿದರು. ನಾಲ್ಕನೆಯ ಅಂಗಡಿಯ ಹಿರಿಯರು ಟೇಪ್‌ರೆಕಾರ್ಡರ್ ಬೆಲ್ಟುಗಳ ಗೊಂಚಲನ್ನೇ ಮುಂದೆ ಇಟ್ಟು, ಸ್ಕೇಲ್ ಕೊಟ್ಟು, ‘ನೀವೇ ಹುಡುಕಿಕೊಳ್ಳಿ’ ಅಂದರು. 40 ಮಿಲಿಮೀಟರ್ ಅಡ್ಡಳತೆ, 1.2 ಮಿಲಿಮೀಟರ್ ಚೌಕ ದಪ್ಪ. ಎರಡು ತೆಗೆದುಕೊಂಡೆ, ಒಂದು ಮುಂದಕ್ಕೆ ಇರಲಿ ಅಂತ. ಹಾಕುವ ಮೊದಲು ಪುಲ್ಲಿಗಳನ್ನು ಆಲ್ಕೊಹಾಲಿನಲ್ಲಿ ಒರೆಸಬೇಕು. ಹಳೆಯ ರಬ್ಬರಿನ ಪುಡಿ ಉಳಿದರೆ ಹೊಸದೂ ಜಾರುತ್ತದೆ. ತೋಳಿನ ಎರಡು ಕೊನೆಗಳಲ್ಲಿರುವ ಸಣ್ಣ ಸ್ವಿಚ್ಚುಗಳಿಗೂ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟೆ.

ಬೆಲ್ಟ್ ಹಾಕಲು ತೋಳಿನ ಕೆಳಗಿನ ತಟ್ಟೆ ಬಿಚ್ಚಬೇಕಾಗಿತ್ತು. ಬಿಚ್ಚಿದಾಗ ಬಳೆಯ ಅಡಿಯಲ್ಲಿ, ಹಿಂದಿನ ಮೂಲೆಯಲ್ಲಿ, ಏನೋ ಮಿಂಚಿತು. ಒಂದು ಡಿಸ್ಕ್! ಹೊರತೆಗೆದು ಧೂಳು ಒರೆಸಿ ಓದಿ, ಅಪ್ಪನಿಗೆ ಫೋನ್ ಮಾಡಿದೆ.

‘ನೋಟ್‌ಬುಕ್ಕಿನಲ್ಲಿ 112 ಏನಿತ್ತು?’

ಅಪ್ಪ ಪುಸ್ತಕ ತೆರೆಯಲೇ ಇಲ್ಲ. ‘ಕುಮಾರ ಗಂಧರ್ವರ ನಿರ್ಗುಣಿ ಭಜನ್. 2004ರಲ್ಲಿ ಮನೆ ಬದಲಾಯಿಸಿದ ಮೇಲೆ ಕಾಣಿಸಲಿಲ್ಲ. ಯಾರಿಗೋ ಕೊಟ್ಟೆ ಅಂದುಕೊಂಡಿದ್ದೆ.’

ಯಾರಿಗೂ ಕೊಟ್ಟಿರಲಿಲ್ಲ. ಮನೆ ಬದಲಾಯಿಸುವಾಗ ಡಿಸ್ಕುಗಳನ್ನು ಒಳಗೇ ಬಿಟ್ಟು ಟೆಂಪೋದಲ್ಲಿ ಸಾಗಿಸಿದ್ದಾರೆ. ಇಂಥ ಚೇಂಜರುಗಳಲ್ಲಿ ಡಿಸ್ಕಿಗೆ ಸೀಳು ಬಿಟ್ಟರೆ ಬೇರೆ ಹಿಡಿತವಿಲ್ಲ. ಪೆಟ್ಟಿಗೆ ವಾಲಿದರೆ ಡಿಸ್ಕ್ ಜಾರಿ ಬಳೆಯ ಹಿಂದೆ ಬೀಳುತ್ತದೆ. ನಿಮ್ಮ ಹತ್ತಿರ ಇಂಥದ್ದು ಇದ್ದರೆ ದಯವಿಟ್ಟು ಡಿಸ್ಕುಗಳನ್ನೆಲ್ಲ ತೆಗೆದೇ ಸಾಗಿಸಿ. ಜಾಗ ಬದಲಾಯಿಸಲು ಪಕ್ಕದ ಕೋಣೆಗೆ ಒಯ್ಯುವುದಾದರೂ ಅಷ್ಟೇ.

ಈಗ ಲೆನ್ಸ್. ತೋಳು ಡಿಸ್ಕನ್ನು ಒಳಗೆ ತಳ್ಳಿತು, ಅಯಸ್ಕಾಂತ ಕಚ್ಚಿತು, ಲೆನ್ಸ್ ಮೂರು ಸಲ ಹಿಂದೆ ಮುಂದೆ ಆಡಿತು. ಡಿಸ್‌ಪ್ಲೇಯಲ್ಲಿ ‘ನೋ ಡಿಸ್ಕ್’. ಅಂಗಡಿಯವರ ಮಾತು ನಿಜವೇ ಆಯಿತಾ ಅಂತ ಒಂದು ಕ್ಷಣ ಎದೆ ಡವಡವ ಅಂದಿತು.

ಲೆನ್ಸ್ ಹೀಗೆ ಆಡುವುದು ಫೋಕಸ್ ಹುಡುಕಲು. ಸಿಡಿಯಲ್ಲಿ ಹಾಡು ಇರುವುದು ಒಂದೇ ಉದ್ದ ಸುರುಳಿಯಲ್ಲಿ, ಒಳಗಿನಿಂದ ಹೊರಕ್ಕೆ. ಸುತ್ತು ಸುತ್ತಿನ ನಡುವೆ 1.6 ಮೈಕ್ರಾನ್ ಅಂತರ. ನಮ್ಮ ಕೂದಲೆಳೆಯ ಅಗಲದಲ್ಲಿ ಅಂಥ ಸುಮಾರು 40 ಸುತ್ತು ಕೂರುತ್ತವೆ. ಅಷ್ಟು ಸಣ್ಣ ಗೆರೆಯನ್ನು ಹಿಡಿಯಬೇಕಾದ ಲೆನ್ಸಿನ ಮೇಲೆ ಅಟ್ಟದ ಧೂಳು ಕೂತರೆ ಅದಕ್ಕೆ ಕಾಣುವುದಾದರೂ ಏನು?

ಎಚ್ಚರಿಕೆ: ಈ ಲೇಸರ್ 780 ನ್ಯಾನೊಮೀಟರಿನದ್ದು. ಕಣ್ಣಿಗೆ ಮಸುಕು ಕೆಂಪು ಚುಕ್ಕೆಯಂತೆ ಮಾತ್ರ ಕಾಣುತ್ತದೆ. ನಿಜವಾದ ಶಕ್ತಿ ಅದಕ್ಕಿಂತ ಎಷ್ಟೋ ಜಾಸ್ತಿ. ಆನ್ ಇದ್ದಾಗ ನೇರ ಬಗ್ಗಿ ನೋಡಲೇಬೇಡಿ. ಪ್ಲಗ್ ಕಿತ್ತೇ ಕೆಲಸ ಮಾಡಿ.

ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿದೆ. ಒಣ ಧೂಳಿನ ಮೇಲೆ ಹತ್ತಿ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಹತ್ತಿ ಕಡ್ಡಿಯ ತುದಿಗೆ ಒಂದೇ ಹನಿ ಆಲ್ಕೊಹಾಲ್, ನಡುವಿನಿಂದ ಹೊರಕ್ಕೆ ಹಗುರವಾಗಿ ಎರಡು ಸುತ್ತು. ಲೆನ್ಸ್ ನಾಲ್ಕು ತೆಳು ತಂತಿಗಳ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಕೆಟ್ಟಿತು. ಲೆನ್ಸ್ ಓಡಾಡುವ ಉಕ್ಕಿನ ಸರಳಿನ ಮೇಲೆ ಹಳೆಯ ಗ್ರೀಸ್ ಮೇಣವಾಗಿತ್ತು. ಅದನ್ನು ಪೂರ್ತಿ ತೆಗೆದು ಪ್ಲಾಸ್ಟಿಕ್ಕಿಗೆ ಒಗ್ಗುವ ಬಿಳಿ ಗ್ರೀಸನ್ನು ಸಾಸಿವೆ ಕಾಳಿನಷ್ಟು ಹಚ್ಚಿದೆ.

ಲೇಸರಿನ ಪಕ್ಕದಲ್ಲಿ ಒಂದು ಪುಟ್ಟ ಪ್ರಿಸೆಟ್, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಗುಂಡಿ, ಇರುತ್ತದೆ. ಅದನ್ನು ತಿರುಗಿಸಿ ಪವರ್ ಏರಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಟ್ಟಬೇಡಿ. ನಾಲ್ಕು ದಿನ ಹಾಡುತ್ತದೆ, ಆಮೇಲೆ ಲೇಸರ್ ಡಯೋಡ್ ನಿಜವಾಗಿಯೂ ಸಾಯುತ್ತದೆ.

ಮನ್ಸೂರರ 12ನೇ ನಂಬರ್ ಒತ್ತಿದೆ. ಚಕ್ರ ತಿರುಗಿತು, ತೋಳು ಬಂತು, ಲೆನ್ಸ್ ಒಂದು ಸಲ ಆಡಿತು, ಡಿಸ್ಕ್ ತಿರುಗಿತು. ಡಿಸ್‌ಪ್ಲೇಯಲ್ಲಿ ಹಾಡುಗಳ ಸಂಖ್ಯೆ, ಒಟ್ಟು ಸಮಯ. ತಂಬೂರಿ ಕೇಳಿಸಿತು. ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು. ನಾವಿಬ್ಬರೂ ಏನೂ ಮಾತಾಡಲಿಲ್ಲ.

ಲೇಸರಿನ ಆರೋಗ್ಯ ಕಣ್ಣಾರೆ ನೋಡಬೇಕು ಅನ್ನಿಸಿತು. ಗೆಳೆಯನೊಬ್ಬ ಹಳೆಯ ಆಸಿಲೋಸ್ಕೋಪ್ ತಂದ, ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ಡಿಸ್ಕಿನ ಸುರುಳಿಯಲ್ಲಿ ಹಾಡು ಸಣ್ಣ ಸಣ್ಣ ಗುಳಿಗಳಾಗಿ ಅಚ್ಚಾಗಿರುತ್ತದೆ, ಆ ಗುಳಿಗಳ ಉದ್ದ ಒಂಬತ್ತೇ ಬಗೆ. ಆ ಒಂಬತ್ತೂ ಅಲೆಗಳು ಪರದೆಯ ಮೇಲೆ ಒಂದರ ಮೇಲೊಂದು ಬಿದ್ದು, ನಡುವೆ ಹರಳು ಹರಳಾದ ಜಾಗ ಕಾಣುತ್ತದೆ. ಇದಕ್ಕೆ ಐ ಪ್ಯಾಟರ್ನ್, ಅಂದರೆ ಕಣ್ಣಿನ ಚಿತ್ತಾರ, ಎನ್ನುತ್ತಾರೆ. ಲೇಸರ್ ಸೋತಿದ್ದರೆ ಹರಳುಗಳು ಮಸುಕಾಗಿ ಅಲೆ ಕುಗ್ಗುತ್ತದೆ. ನಮ್ಮದರಲ್ಲಿ ಎತ್ತರ 1 ವೋಲ್ಟಿಗಿಂತ ಸ್ವಲ್ಪ ಜಾಸ್ತಿ, ಹರಳುಗಳು ಗಾಜಿನ ಬಳೆಯ ಚೂರಿನಂತೆ ಸ್ವಚ್ಛ. ಹನ್ನೆರಡು ವರ್ಷ ‘ಹೋಗಿದೆ’ ಎನ್ನಿಸಿಕೊಂಡ ಲೆನ್ಸ್ ಅದು.

ಕೊನೆಗೆ 112. ಕೆಳಮೈಯಲ್ಲಿ ಗೀರುಗಳಿದ್ದವು. ಮೇಲ್ಮೈ, ಅಂದರೆ ಹೆಸರು ಬರೆದ ಬದಿ, ಪುಣ್ಯಕ್ಕೆ ಹಾಗೇ ಇತ್ತು. ಎಲ್ಲರೂ ಕೆಳಗಿನ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ. ನಾಜೂಕಿನದ್ದು ಮೇಲಿನ ಬದಿ. ಅಲ್ಯೂಮಿನಿಯಂ ಪದರ ಇರುವುದು ಲೇಬಲಿನ ಕೆಳಗೇ, ತೆಳು ಲ್ಯಾಕರಿನ ಮರೆಯಲ್ಲಿ. ಅಲ್ಲಿ ಕಿತ್ತರೆ ಹಾಡೇ ಕಿತ್ತುಹೋಯಿತು. ಕೆಳಗೆ 1.2 ಮಿಲಿಮೀಟರ್ ದಪ್ಪದಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾಲಿಕಾರ್ಬೊನೇಟ್ ಕಾವಲಿದೆ. ಸಣ್ಣ ಗೀರುಗಳನ್ನು ಪ್ಲೇಯರಿನ ದೋಷ ತಿದ್ದುವ ಲೆಕ್ಕ ನುಂಗಿಕೊಳ್ಳುತ್ತದೆ. ಸುರುಳಿಯ ಗುಂಟ ಹೋಗುವ ಗೀರು ಮಾತ್ರ ಕಷ್ಟ, ಒಂದೇ ಜಾಗದಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಅದಕ್ಕೇ ಸಿಡಿಯನ್ನು ಸುತ್ತ ಒರೆಸಬಾರದು, ನಡುವಿನಿಂದ ಅಂಚಿಗೆ ನೇರ ಒರೆಸಬೇಕು.

ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, 112ರ ಸೀಳಿನಲ್ಲಿ ಇಟ್ಟೆ. ಫೋನನ್ನು ಸ್ಪೀಕರಿನ ಮುಂದೆ ಹಿಡಿದೆ. ಐದನೇ ಟ್ರ್ಯಾಕಿನಲ್ಲಿ ಎರಡು ಕಡೆ ತಡವರಿಸಿತು, ಉಳಿದದ್ದು ಚೆನ್ನಾಗಿ ಬಂತು. ಅಪ್ಪ ಪೂರ್ತಿ ಕೇಳಿ, ‘ಐದನೆಯದು ಮೊದಲೂ ಅಲ್ಲಿ ತಡವರಿಸುತ್ತಿತ್ತು’ ಅಂದರು.

ಮುಂಭಾಗದ ತಿರುಗುವ ಗುಂಡಿ ಇನ್ನೂ ಒಮ್ಮೊಮ್ಮೆ ಎರಡು ನಂಬರ್ ಹಾರುತ್ತದೆ. ಗುಂಡಿ ಎಷ್ಟು ತಿರುಗಿತು ಎಂದು ಎಣಿಸುವ ಎನ್‌ಕೋಡರಿನ ಒಳಗಿನ ತುಕ್ಕು ಇರಬೇಕು, ಈ ವಾರ ಬಿಚ್ಚುತ್ತೇನೆ. ದಸರಾ ರಜೆಗೆ ಪೆಟ್ಟಿಗೆ ಧಾರವಾಡಕ್ಕೆ ಹೋಗುತ್ತದೆ. ಗಾಳಿ ಕಿಂಡಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದ್ದೇನೆ. ಡಿಸ್ಕುಗಳು ಬೇರೆ ರಟ್ಟಿನ ಡಬ್ಬಿಯಲ್ಲಿ, ನಂಬರಿನ ಸಾಲಿನಲ್ಲೇ. 112 ಮಾತ್ರ ನನ್ನ ಕೈಚೀಲದಲ್ಲಿ ಬರುತ್ತದೆ.